ದನಿ ನಾಯಕರದು, ಮಾತು ಯಾರದು?

2024ರ ಏಪ್ರಿಲ್ ಕೊನೆಯ ವಾರ. ರಾಜ್ಯದ ದಕ್ಷಿಣ ಭಾಗದ 14 ಲೋಕಸಭಾ ಕ್ಷೇತ್ರಗಳಲ್ಲಿ 26ರಂದು ಮತದಾನ ಮುಗಿದಿತ್ತು. ಉಳಿದ 14 ಕ್ಷೇತ್ರಗಳು ಮೇ 7ಕ್ಕೆ ಕಾದಿದ್ದವು. ಹಾವೇರಿ ಕಡೆ ಇರುವ ನಮ್ಮ ದೊಡ್ಡಪ್ಪ ಮನೆಮಂದಿಯ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ವಿಡಿಯೊ ಹಾಕಿದರು. ಕೆಳಗೆ ಒಂದೇ ಸಾಲು: ‘ತಮ್ಮಾ, ಇದು ಖರೇನ ಐತೇನು?’

ವಿಡಿಯೊದಲ್ಲಿ ಇದ್ದವರು ಗೃಹ ಸಚಿವ ಅಮಿತ್ ಶಾ. ತಮ್ಮ ಸರ್ಕಾರ ಬಂದರೆ ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ಮೀಸಲಾತಿ ತೆಗೆಯುತ್ತೇವೆ ಎಂದು ಹಿಂದಿಯಲ್ಲಿ ಹೇಳಿದಂತೆ ಕೇಳಿಸುತ್ತಿತ್ತು. ಮುಖ ಅವರದೇ, ದನಿ ಅವರದೇ, ವೇದಿಕೆಯೂ ನಿಜವಾದದ್ದೇ. ತುಟಿಯ ಚಲನೆಯಲ್ಲಿ ತಪ್ಪು ಹುಡುಕುತ್ತ ಕೂತಿದ್ದರೆ ಬೆಳಗಾದರೂ ಏನೂ ಸಿಗುತ್ತಿರಲಿಲ್ಲ.

ನಾನು ಮಾಡಿದ್ದು ಇಷ್ಟು. ಹಿಂದಿನ ವೇದಿಕೆ ಚೆನ್ನಾಗಿ ಕಾಣುವ ಜಾಗದಲ್ಲಿ ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದೆ. ಫಾರ್ವರ್ಡ್ ಆದಾಗ ಅಂಟಿಕೊಂಡಿದ್ದ ಮೇಲಿನ ಬರಹವನ್ನು ಕತ್ತರಿಸಿ, ಉಳಿದ ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಕೊಟ್ಟೆ. ಅದೇ ವೇದಿಕೆಯ ಹಳೆಯ ವಿಡಿಯೊಗಳು ಬಂದವು. ಭಾಷಣ 2023ರದ್ದು, ತೆಲಂಗಾಣದ ಸಭೆಯದ್ದು. ಪೂರ್ತಿ ಕೇಳಿದಾಗ ಅಲ್ಲಿ ಅವರು ಹೇಳಿದ್ದು ಮುಸ್ಲಿಮರಿಗಿರುವ ಮೀಸಲಾತಿ ತೆಗೆಯುತ್ತೇವೆ ಎಂದು. ಆ ಮಾತನ್ನು ಒಪ್ಪುವುದು ಬಿಡುವುದು ಬೇರೆ ವಿಷಯ. ಆದರೆ ನಡುವಿನ ಪದಗಳನ್ನು ಕತ್ತರಿಸಿ, ಎರಡು ತುದಿ ಸೇರಿಸಿ, ಅವರು ಆಡದ ಮಾತೊಂದನ್ನು ಅವರ ಬಾಯಿಗೆ ಹಾಕಲಾಗಿತ್ತು. ದೆಹಲಿ ಪೊಲೀಸರು ಕೇಸು ದಾಖಲಿಸಿದರು, ಬಂಧನಗಳೂ ಆದವು.

ಗಮನಿಸಬೇಕಾದದ್ದು, ಇದರಲ್ಲಿ ಎಐ ಎಂಬುದೇ ಇರಲಿಲ್ಲ. ಫೋನಿನಲ್ಲಿ ಮದುವೆ ರೀಲ್ಸ್ ಎಡಿಟ್ ಮಾಡುವ ಹುಡುಗರು ಹತ್ತು ನಿಮಿಷದಲ್ಲಿ ಮಾಡಿ ಮುಗಿಸುವ ಕೆಲಸ ಅದು. ಡೀಪ್‌ಫೇಕ್ ಅಂದ ಕೂಡಲೇ ನಾವು ಕಣ್ಣಿನ ರೆಪ್ಪೆ ಬಡಿಯುತ್ತದೆಯೇ, ಬೆರಳು ಐದಿವೆಯೇ ಎಂದು ನೋಡಲು ಹೋಗುತ್ತೇವೆ. ಹಳೆಯ ವಿಡಿಯೊ, ಕತ್ತರಿಸಿದ ವಿಡಿಯೊ, ಬೇರೆ ಊರಿನ ವಿಡಿಯೊ, ಎಐ ವಿಡಿಯೊ, ನಾಲ್ಕಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಇದು ಮೊದಲು ಎಲ್ಲಿ ಬಂತು, ಯಾವಾಗ ಬಂತು, ಪೂರ್ತಿಯದ್ದು ಎಲ್ಲಿದೆ?

ರೆಪ್ಪೆ ಬಡಿಯುವ ಲೆಕ್ಕ

2018ರಲ್ಲಿ ಅಮೆರಿಕದ ಸಂಶೋಧಕರು ಆಗಿನ ಡೀಪ್‌ಫೇಕ್‌ಗಳಲ್ಲಿ ಮನುಷ್ಯರು ಸರಿಯಾಗಿ ರೆಪ್ಪೆ ಬಡಿಯುವುದಿಲ್ಲ ಎಂದು ಕಂಡುಹಿಡಿದರು. ಯಂತ್ರಕ್ಕೆ ತರಬೇತಿಗೆ ಕೊಟ್ಟ ಫೋಟೊಗಳಲ್ಲಿ ಎಲ್ಲರೂ ಕಣ್ಣು ಬಿಟ್ಟೇ ಇದ್ದರು, ಅದಕ್ಕೆ ಹಾಗೆ. ವಿಷಯ ಹೊರಬಿದ್ದ ಸ್ವಲ್ಪ ದಿನಕ್ಕೇ ರೆಪ್ಪೆ ಬಡಿಯುವ ಡೀಪ್‌ಫೇಕ್‌ಗಳು ಬಂದವು. ಆಮೇಲೆ ಹಲ್ಲು, ಕಿವಿ, ಬೆರಳು, ಕನ್ನಡಕದ ಹೊಳಪು ಅಂತ ಸುಳಿವುಗಳ ಪಟ್ಟಿ ಬೆಳೆಯಿತು. ಒಂದೊಂದೇ ಹಳತಾಗುತ್ತ ಹೋಯಿತು. ಇವತ್ತಿಗೂ ಪತ್ರಿಕೆಗಳಲ್ಲಿ ‘ಡೀಪ್‌ಫೇಕ್ ಗುರುತಿಸುವ ಏಳು ಉಪಾಯ’ ಅಂತ ಇದೇ ಪಟ್ಟಿ ಬರುತ್ತಿರುತ್ತದೆ. ದಯವಿಟ್ಟು ಅದರ ಮೇಲೆ ಪೂರ್ತಿ ಭಾರ ಹಾಕಬೇಡಿ. ತಪ್ಪು ಕಂಡರೆ ಅನುಮಾನ ಪಡಲು ಅದು ಸಾಕು. ತಪ್ಪು ಕಾಣಲಿಲ್ಲ ಎಂದ ಮಾತ್ರಕ್ಕೆ ನಂಬಲು ಸಾಲದು.

ನಕಲಿ ಪತ್ತೆ ಮಾಡುವ ಆನ್‌ಲೈನ್ ಸಾಧನಗಳ ಕಥೆಯೂ ಅಷ್ಟೆ. ವಾಟ್ಸ್‌ಆ್ಯಪ್‌ನಲ್ಲಿ ಕೈಬದಲಾಗುತ್ತ ಕುಗ್ಗಿ ಮಸುಕಾದ ವಿಡಿಯೊವನ್ನು ಕೊಟ್ಟರೆ ಅವು ‘ಶೇ 60ರಷ್ಟು ನಕಲಿ’ ಅನ್ನುತ್ತವೆ. ಅದನ್ನು ಇಟ್ಟುಕೊಂಡು ಏನು ಮಾಡುವುದು? ಗೂಗಲ್ ತನ್ನ ಎಐ ತಯಾರಿಸಿದ ಚಿತ್ರಗಳಲ್ಲಿ ಸಿಂಥ್‌ಐಡಿ ಎಂಬ ಕಣ್ಣಿಗೆ ಕಾಣದ ಗುರುತು ಹುದುಗಿಸುತ್ತದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಆ ಗುರುತು ಇಲ್ಲ ಎಂದರೆ ಚಿತ್ರ ಸಾಚಾ ಎಂದಲ್ಲ, ಬೇರೆ ಕಂಪನಿಯ ಸಾಧನದಲ್ಲಿ ಮಾಡಿರಬಹುದು. ಇನ್ನು ಚಾಟ್‌ಬಾಟ್‌ಗೆ ‘ಇದು ನಿಜವೇ’ ಎಂದು ಕೇಳುವ ಚಟ ಈಗ ಜೋರಾಗಿದೆ. ಅದು ಧೈರ್ಯವಾಗಿ ಉತ್ತರ ಕೊಡುತ್ತದೆ, ಸರಿಯಾಗಿಯೇ ಕೊಡುತ್ತದೆ ಎಂಬ ಖಾತರಿ ಇಲ್ಲ.

ವಿಡಿಯೊಗಿಂತ ಆಡಿಯೊ ಅಪಾಯ

ನನ್ನನ್ನು ಕೇಳಿದರೆ, ಚುನಾವಣೆ ಹೊತ್ತಿನಲ್ಲಿ ಹೆಚ್ಚು ಹೆದರಬೇಕಾದದ್ದು ಬರೀ ದನಿಗೆ. ವಿಡಿಯೊದಲ್ಲಿ ಮುಖ, ಬೆಳಕು, ಕೈ, ಹಿನ್ನೆಲೆ ಎಲ್ಲವೂ ಹೊಂದಬೇಕು. ಆಡಿಯೊಗೆ ಆ ತಾಪತ್ರಯವಿಲ್ಲ. ಸ್ವಲ್ಪ ಗರಗರ ಸದ್ದು ಬೆರೆಸಿ ‘ಕದ್ದು ರೆಕಾರ್ಡ್ ಮಾಡಿದ್ದು’ ಅಂದರೆ ಮುಗಿಯಿತು. ಗುಣಮಟ್ಟ ಕೆಟ್ಟದಾಗಿದ್ದಷ್ಟೂ ಜನ ಹೆಚ್ಚು ನಂಬುತ್ತಾರೆ. ನಕಲು ಮಾಡಲು ಬೇಕಾದ ಕಚ್ಚಾ ಸಾಮಗ್ರಿಯಂತೂ ಹೇರಳ, ನಾಯಕರ ಭಾಷಣಗಳು ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ಬಿದ್ದಿವೆ.

2024ರ ಜನವರಿ 21ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಸಾವಿರಾರು ಮತದಾರರಿಗೆ ಫೋನ್ ಬಂತು. ಆ ಕಡೆ ಅಧ್ಯಕ್ಷ ಬೈಡನ್ ಅವರದೇ ದನಿ. ಎರಡು ದಿನದ ನಂತರದ ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕಬೇಡಿ, ನವೆಂಬರಿಗೆ ಉಳಿಸಿಕೊಳ್ಳಿ ಎನ್ನುವ ಸಂದೇಶ. ದನಿ ತಯಾರಿಸಿದ್ದು ಒಬ್ಬ ಜಾದೂಗಾರ. ಅವನಿಗೆ ಸಿಕ್ಕ ಕೂಲಿ 150 ಡಾಲರ್. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ, ಖರ್ಚು ಒಂದು ಡಾಲರ್ ಎಂದು ಆಮೇಲೆ ಆತನೇ ಹೇಳಿದ. ಮಾಡಿಸಿದ್ದು ಒಬ್ಬ ಚುನಾವಣಾ ಸಲಹೆಗಾರ. ಅಲ್ಲಿನ ಸಂವಹನ ಆಯೋಗ ಅವನಿಗೆ 60 ಲಕ್ಷ ಡಾಲರ್ ದಂಡ ಹಾಕಿತು. ಆದರೆ ಕ್ರಿಮಿನಲ್ ಮೊಕದ್ದಮೆಯಲ್ಲಿ 2025ರಲ್ಲಿ ಜ್ಯೂರಿ ಅವನನ್ನು ಬಿಡುಗಡೆ ಮಾಡಿತು.

ಇದಕ್ಕಿಂತ ನಮಗೆ ಹತ್ತಿರವಾದ ಪಾಠ ಸ್ಲೊವಾಕಿಯಾದ್ದು. ಸುಮಾರು 50 ಲಕ್ಷ ಜನ ಆಡುವ ಭಾಷೆ, ದೊಡ್ಡ ಕಂಪನಿಗಳ ಗಮನ ಅಷ್ಟಾಗಿ ಬೀಳದ ದೇಶ. 2023ರ ಸೆಪ್ಟೆಂಬರ್ 30ಕ್ಕೆ ಸಂಸತ್ ಚುನಾವಣೆ. ಎರಡು ದಿನ ಮೊದಲು, ಪ್ರೊಗ್ರೆಸಿವ್ ಸ್ಲೊವಾಕಿಯಾ ಪಕ್ಷದ ನಾಯಕ ಮಿಖಾಲ್ ಶಿಮೆಚ್ಕಾ ಒಬ್ಬ ಪತ್ರಕರ್ತೆಯ ಜತೆ ಚುನಾವಣೆಯಲ್ಲಿ ಅಕ್ರಮ ನಡೆಸುವ ಬಗ್ಗೆ ಮಾತಾಡಿದಂತಿದ್ದ ಆಡಿಯೊ ಹರಡಿತು. ಇಬ್ಬರೂ ಅದು ನಮ್ಮದಲ್ಲ ಎಂದರು. ಪರಿಣತರು ಎಐ ತಯಾರಿಯ ಗುರುತುಗಳಿವೆ ಎಂದರು. ಆದರೆ ಅಷ್ಟರಲ್ಲಿ ಮತದಾನಕ್ಕೆ ಮೊದಲಿನ 48 ಗಂಟೆಗಳ ಮೌನದ ಅವಧಿ ಶುರುವಾಗಿತ್ತು. ಪಕ್ಷಗಳು, ಮಾಧ್ಯಮಗಳು ಬಾಯಿ ಕಟ್ಟಿಕೊಂಡಿರಬೇಕಾದ ಹೊತ್ತು. ಸುಳ್ಳಿಗೆ ಆ ನಿಯಮ ಎಲ್ಲಿಂದ ಬರಬೇಕು? ಫೇಸ್‌ಬುಕ್‌ನ ಅಂದಿನ ನಿಯಮವಾದರೋ ತಿರುಚಿದ ವಿಡಿಯೊ ಬಗ್ಗೆ ಮಾತ್ರ ಇತ್ತು, ಆಡಿಯೊ ಬಗ್ಗೆ ಇರಲಿಲ್ಲ. ಆ ಪಕ್ಷ ಎರಡನೇ ಸ್ಥಾನಕ್ಕೆ ನಿಂತಿತು. ಈ ಆಡಿಯೊದಿಂದಲೇ ಸೋತಿತು ಎನ್ನಲು ಆಧಾರವಿಲ್ಲ, ಹಾಗೆ ಹೇಳುವವರನ್ನೂ ನಂಬಬೇಡಿ. ಆದರೆ ಹೊತ್ತು ಗೊತ್ತು ಮಾಡಿಕೊಂಡು ಬಿಟ್ಟ ಬಾಣ ಅದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನಮ್ಮ ಪಕ್ಕದಲ್ಲೇ, 2023ರ ನವೆಂಬರ್ 30ರಂದು, ತೆಲಂಗಾಣದಲ್ಲಿ ಮತದಾನದ ದಿನವೇ ಬಿಆರ್‌ಎಸ್‌ನ ಕೆ.ಟಿ. ರಾಮರಾವ್ ಕಾಂಗ್ರೆಸ್‌ಗೆ ಮತ ಹಾಕಿ ಎಂದು ಕೇಳುವ ನಕಲಿ ವಿಡಿಯೊ ಓಡಾಡಿತು. ನಮ್ಮಲ್ಲೂ ಮತದಾನ ಮುಗಿಯುವ 48 ಗಂಟೆ ಮೊದಲು ಬಹಿರಂಗ ಪ್ರಚಾರಕ್ಕೆ ತೆರೆ ಬೀಳುತ್ತದೆ. ಮೈಕು ಬಂದ್, ರೋಡ್ ಶೋ ಬಂದ್. ವಾಟ್ಸ್‌ಆ್ಯಪ್ ಮಾತ್ರ ನಡೆಯುತ್ತಲೇ ಇರುತ್ತದೆ. ಹಾಗಾಗಿ ಲೆಕ್ಕ ಸರಳ: ಆ ಎರಡು ದಿನಗಳಲ್ಲಿ ಬರುವ ‘ಸ್ಫೋಟಕ’ ಆಡಿಯೊವನ್ನು ಸುಳ್ಳೆಂದೇ ಎಣಿಸಿ ಬದಿಗಿಡಿ. ನಿಜವೇ ಆಗಿದ್ದರೆ ಫಲಿತಾಂಶದ ನಂತರವೂ ನಿಜವಾಗಿಯೇ ಇರುತ್ತದೆ.

ಕನ್ನಡದ ಕಿವಿ

ಪಿಕ್ಸೆಲ್ ನೋಡುವುದರಲ್ಲಿ ನಾವು ಯಂತ್ರಕ್ಕೆ ಸೋಲಬಹುದು. ನಮ್ಮ ಭಾಷೆಯನ್ನು ಕೇಳುವುದರಲ್ಲಿ ಸದ್ಯಕ್ಕೆ ಒಂದು ಹೆಜ್ಜೆ ಮುಂದಿದ್ದೇವೆ. ಎಐ ಕನ್ನಡ ಬಹುಮಟ್ಟಿಗೆ ಬರಹದ ಕನ್ನಡ. ಸಭೆಯಲ್ಲಿ ‘ನೋಡ್ರೀ, ನಾವ್ ಬಂದ್ ಮ್ಯಾಲೆ ಒಂದ್ ರೂಪಾಯಿನೂ ಬಿಡಂಗಿಲ್ಲ’ ಎನ್ನುವ ನಾಯಕರು ಆಡಿಯೊದಲ್ಲಿ ಇದ್ದಕ್ಕಿದ್ದಂತೆ ‘ನಾವು ಅಧಿಕಾರಕ್ಕೆ ಬಂದ ನಂತರ ಈ ಯೋಜನೆಯನ್ನು ಸ್ಥಗಿತಗೊಳಿಸಲಿದ್ದೇವೆ’ ಎಂದರೆ ಕಿವಿ ನಿಮಿರಬೇಕು. ಆಪ್ತರ ಜತೆ ಗುಟ್ಟಾಗಿ ಮಾತಾಡುವಾಗ ಯಾರು ‘ಸ್ಥಗಿತಗೊಳಿಸಲಿದ್ದೇವೆ’ ಅನ್ನುತ್ತಾರೆ? ಮಂಡ್ಯದವರ ‘ಕಣಪ್ಪಾ’, ಧಾರವಾಡದವರ ‘ಏನಪಾ’, ಮಂಗಳೂರಿನವರ ‘ಮಾರಾಯ್ರೆ’ ಬರಬೇಕಾದ ಜಾಗದಲ್ಲಿ ಬಂದಿವೆಯೇ? ಊರಿನ ಹೆಸರನ್ನು ಆ ಊರಿನವರಂತೆ ಹೇಳಿದ್ದಾರೆಯೇ, ಅಥವಾ ಬೋರ್ಡು ಓದಿದಂತೆ ಹೇಳಿದ್ದಾರೆಯೇ? ಸಂಖ್ಯೆ, ಯೋಜನೆಗಳ ಹೆಸರು, ನಡುವೆ ಬರುವ ಇಂಗ್ಲಿಷ್ ಪದಗಳ ಹತ್ತಿರ ಯಂತ್ರ ಆಗಾಗ ಎಡವುತ್ತದೆ. ಮಾತಿನ ನಡುವೆ ಕೆಮ್ಮು, ತಡವರಿಕೆ, ಅರ್ಧಕ್ಕೆ ಬಿಟ್ಟ ವಾಕ್ಯ ಇಲ್ಲದಿದ್ದರೆ ಅದೂ ಒಂದು ಸುಳಿವು.

ಇದೂ ಬಹುಕಾಲ ನಡೆಯುವ ಉಪಾಯವಲ್ಲ, ರೆಪ್ಪೆಯ ಲೆಕ್ಕದಂತೆ ಒಂದು ದಿನ ಹಳತಾಗುತ್ತದೆ. ಮತ್ತೆ, ಸಹಜವಾಗಿಯೇ ಗ್ರಾಂಥಿಕವಾಗಿ ಮಾತಾಡುವ ನಾಯಕರೂ ನಮ್ಮಲ್ಲಿದ್ದಾರೆ. ಪಾಪ, ಅವರನ್ನು ಡೀಪ್‌ಫೇಕ್ ಅನ್ನಬೇಡಿ.

ಎಐ ಬಳಸಿದ್ದೆಲ್ಲ ಮೋಸವೂ ಅಲ್ಲ. 2020ರ ದೆಹಲಿ ಚುನಾವಣೆಯಲ್ಲಿ ಬಿಜೆಪಿಯ ಮನೋಜ್ ತಿವಾರಿ ತಮಗೆ ಬಾರದ ಹರಿಯಾಣವಿಯಲ್ಲಿ ಮಾತಾಡಿದಂತಹ ವಿಡಿಯೊವನ್ನು ಪಕ್ಷವೇ ಮಾಡಿಸಿತ್ತು. ಪಾಕಿಸ್ತಾನದಲ್ಲಿ ಜೈಲಿನಲ್ಲಿದ್ದ ಇಮ್ರಾನ್ ಖಾನ್ ಭಾಷಣ 2023ರ ಡಿಸೆಂಬರಿನಲ್ಲಿ ಎಐ ದನಿಯಲ್ಲಿ ಬಂತು. 2018ರಲ್ಲೇ ತೀರಿಕೊಂಡ ಕರುಣಾನಿಧಿ 2024ರ ಜನವರಿಯಲ್ಲಿ ಪುಸ್ತಕ ಬಿಡುಗಡೆ ಸಮಾರಂಭದ ಪರದೆಯ ಮೇಲೆ ಕಾಣಿಸಿಕೊಂಡು ಮಗ ಸ್ಟಾಲಿನ್ ಆಡಳಿತವನ್ನು ಹೊಗಳಿದರು. ಅದೇ ವರ್ಷ ಪ್ರಧಾನಿ ಮೋದಿಯವರ ಭಾಷಣಗಳನ್ನು ಎಐ ಮೂಲಕ ಕನ್ನಡದಲ್ಲಿ ಕೇಳಿಸುವ ಎಕ್ಸ್ ಖಾತೆಯೂ ಶುರುವಾಯಿತು. ಇಲ್ಲೆಲ್ಲ ಹೇಳಿಸಿದ್ದು ಯಾರು ಎಂಬುದು ಗೊತ್ತಿದೆ. ತೀರಿಹೋದವರ ಬಾಯಲ್ಲಿ ಮಾತಾಡಿಸುವುದು ನನಗಂತೂ ಹಿಡಿಸುವುದಿಲ್ಲ, ಆದರೆ ಅದು ಅಭಿರುಚಿಯ ಮಾತು.

‘ಅದು ನಾನಲ್ಲ, ಎಐ’

ಇನ್ನೊಂದು ಮಗ್ಗುಲಿದೆ, ಅದರ ಬಗ್ಗೆ ಚರ್ಚೆ ಕಡಿಮೆ. ಯಾವ ವಿಡಿಯೊವನ್ನೂ ನಕಲಿ ಮಾಡಬಹುದು ಎಂದು ಎಲ್ಲರಿಗೂ ಗೊತ್ತಾದ ಮೇಲೆ, ನಿಜವಾಗಿ ಸಿಕ್ಕಿಬಿದ್ದವರಿಗೂ ಒಂದು ಗುರಾಣಿ ಸಿಕ್ಕಿತು. 2023ರ ಏಪ್ರಿಲಿನಲ್ಲಿ ತಮಿಳುನಾಡಿನ ಅಂದಿನ ಹಣಕಾಸು ಸಚಿವ ಪಳನಿವೇಲ್ ತ್ಯಾಗರಾಜನ್ ಅವರದ್ದೆನ್ನಲಾದ ಎರಡು ಆಡಿಯೊ ಹೊರಬಂದವು. ಸ್ವಂತ ಪಕ್ಷದವರ ಹಣ ಗಳಿಕೆಯ ಬಗ್ಗೆ ಮಾತಾಡಿದಂತಿದ್ದ ಧ್ವನಿ. ಅವು ಸೃಷ್ಟಿಸಿದ ಧ್ವನಿಗಳು ಎಂದು ಅವರು ನಿರಾಕರಿಸಿದರು. ರೆಸ್ಟ್ ಆಫ್ ವರ್ಲ್ಡ್ ಎಂಬ ಸುದ್ದಿಸಂಸ್ಥೆ ಅವನ್ನು ಬೇರೆಬೇರೆ ಪರಿಣತರಿಗೆ ಕೊಟ್ಟು ನೋಡಿಸಿತು. ಮೊದಲನೆಯದರ ಬಗ್ಗೆ ಖಚಿತ ಅಭಿಪ್ರಾಯ ಬರಲಿಲ್ಲ, ಎರಡನೆಯದು ಅಸಲಿ ಎಂದರು. ಮೇ ತಿಂಗಳಲ್ಲಿ ಅವರ ಖಾತೆ ಬದಲಾಯಿತು.

ಹಾಗಾಗಿ ‘ಎಲ್ಲಾ ಸುಳ್ಳು ಬಿಡ್ರೀ’ ಎನ್ನುವುದು ಜಾಣತನವಲ್ಲ. ನಿರಾಕರಣೆ ಬಂದಾಗಲೂ ಅದೇ ಪ್ರಶ್ನೆ ಕೇಳಬೇಕು: ಪೂರ್ತಿ ರೆಕಾರ್ಡಿಂಗ್ ಎಲ್ಲಿದೆ, ಯಾರು ಪರೀಕ್ಷಿಸಿದರು, ಆ ದಿನ ಆ ವ್ಯಕ್ತಿ ಎಲ್ಲಿದ್ದರು?

ದೂರು ಎಲ್ಲಿಗೆ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಿ. ಲೋಕಸಭೆ, ವಿಧಾನಸಭೆ ಚುನಾವಣೆ ನಡೆಸುವುದು ಭಾರತ ಚುನಾವಣಾ ಆಯೋಗ. ಗ್ರಾಮ ಪಂಚಾಯಿತಿ, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ, ಪುರಸಭೆ, ಮಹಾನಗರ ಪಾಲಿಕೆಗಳದ್ದು ರಾಜ್ಯ ಚುನಾವಣಾ ಆಯೋಗ. ಎರಡೂ ಬೇರೆ ಬೇರೆ ಸಂಸ್ಥೆ. ಪಂಚಾಯಿತಿ ಚುನಾವಣೆಯ ದೂರನ್ನು ದೆಹಲಿಯ ಆಯೋಗಕ್ಕೆ ಕಳಿಸಿದರೆ ಅದು ಅಲ್ಲೇ ಕೂತಿರುತ್ತದೆ.

ಭಾರತ ಚುನಾವಣಾ ಆಯೋಗ 2024ರ ಮೇ ತಿಂಗಳಲ್ಲಿ, ಇಂಥ ನಕಲಿ ವಿಷಯ ಗಮನಕ್ಕೆ ಬಂದ ಮೂರು ಗಂಟೆಯೊಳಗೆ ಪಕ್ಷಗಳು ತಮ್ಮ ಖಾತೆಯಿಂದ ತೆಗೆಯಬೇಕು ಎಂದಿತು. 2025ರ ಅಕ್ಟೋಬರಿನಲ್ಲಿ, ಬಿಹಾರ ಚುನಾವಣೆಗೆ ಮೊದಲು, ಎಐ ಬಳಸಿದ ಪ್ರಚಾರ ಸಾಮಗ್ರಿಯಲ್ಲಿ ಕಾಣುವ ಜಾಗದ ಕನಿಷ್ಠ ಶೇ 10ರಷ್ಟು ಲೇಬಲ್ ಇರಬೇಕು, ಆಡಿಯೊ ಆದರೆ ಮೊದಲ ಶೇ 10ರಷ್ಟು ಹೊತ್ತು ಅದನ್ನು ಹೇಳಬೇಕು ಎಂದು ಸೂಚಿಸಿತು. ಲೇಬಲ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಸಲಿ ಎಂದುಕೊಳ್ಳಬೇಡಿ. ಮೋಸ ಮಾಡಲು ಹೊರಟವನು ಲೇಬಲ್ ಅಂಟಿಸಿ ಬಿಡುತ್ತಾನೆಯೇ?

ಚುನಾವಣೆ ವೇಳೆ ಪ್ರತಿ ಜಿಲ್ಲೆಯಲ್ಲೂ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ ಇರುತ್ತದೆ. ಕಚೇರಿಯಲ್ಲಿ ಎಂಸಿಎಂಸಿ ಎಂದು ಕೇಳಿ, ಎಲ್ಲರಿಗೂ ಅರ್ಥವಾಗುತ್ತದೆ. ಸಾಮಾನ್ಯವಾಗಿ ಜಿಲ್ಲಾಧಿಕಾರಿಯೇ ಜಿಲ್ಲಾ ಚುನಾವಣಾಧಿಕಾರಿ, ಲಿಖಿತ ದೂರು ಅಲ್ಲಿಗೆ. ಮತದಾರರ ಸಹಾಯವಾಣಿ 1950. ಸಿ-ವಿಜಿಲ್ ಆ್ಯಪ್‌ನಲ್ಲಿ ಬಂದ ದೂರನ್ನು 100 ನಿಮಿಷದಲ್ಲಿ ವಿಲೇವಾರಿ ಮಾಡುವ ಗುರಿ ಇದೆ, ಆದರೆ ಅದು ಮುಖ್ಯವಾಗಿ ಹಣ, ಹೆಂಡ, ಸೀರೆ ಹಂಚುವುದನ್ನು ಸ್ಥಳದಲ್ಲೇ ಹಿಡಿಯಲು ಮಾಡಿದ್ದು. ಹಣದ ವಂಚನೆ ಬೆರೆತಿದ್ದರೆ 1930ಕ್ಕೆ ಕರೆ ಮಾಡಿ.

ದೂರಿನ ಜೀವ ಇರುವುದು ಸಾಕ್ಷ್ಯದಲ್ಲಿ. ವಿಡಿಯೊ ಫೈಲ್ ಉಳಿಸಿಕೊಳ್ಳಿ. ಕಳಿಸಿದವರ ನಂಬರ್, ತಾರೀಖು, ಹೊತ್ತು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಫೇಸ್‌ಬುಕ್ ಅಥವಾ ಎಕ್ಸ್ ಆದರೆ ಆ ಪೋಸ್ಟಿನ ಲಿಂಕ್ ನಕಲು ಮಾಡಿಟ್ಟುಕೊಳ್ಳಿ. ಸಿಟ್ಟಿನಿಂದ ಮೊದಲು ಡಿಲೀಟ್ ಮಾಡಿ ಆಮೇಲೆ ದೂರು ಕೊಡಲು ಹೋದರೆ ಅಲ್ಲಿ ತೋರಿಸಲು ಏನೂ ಇರುವುದಿಲ್ಲ.

ಕಾನೂನಿನ ಬಲ ಎಷ್ಟು ಎಂದರೆ, ಅಭ್ಯರ್ಥಿಯ ನಡತೆಯ ಬಗ್ಗೆ ಚುನಾವಣೆಯಲ್ಲಿ ಸುಳ್ಳು ಹೇಳಿಕೆ ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 175ನೇ ಸೆಕ್ಷನ್ ಇದೆ. ಶಿಕ್ಷೆ ದಂಡ ಮಾತ್ರ. ಪೊಲೀಸರು ಸಾಮಾನ್ಯವಾಗಿ ಐಟಿ ಕಾಯ್ದೆಯ, ಫೋರ್ಜರಿಯ ಸೆಕ್ಷನ್‌ಗಳನ್ನೂ ಸೇರಿಸುತ್ತಾರೆ.

ಸತ್ಯಶೋಧಕರಿಗೆ ಕಳಿಸಬಹುದೇ? ಕಳಿಸಿ. ಮಿಸ್‌ಇನ್‌ಫರ್ಮೇಶನ್ ಕಾಂಬ್ಯಾಟ್ ಅಲಯನ್ಸ್ 2024ರಲ್ಲಿ ಡೀಪ್‌ಫೇಕ್ ಪರಿಶೀಲನೆಗೆಂದೇ ವಾಟ್ಸ್‌ಆ್ಯಪ್ ಸೇವೆ ಶುರು ಮಾಡಿತು. ಶುರುವಾದಾಗ ಅದರಲ್ಲಿದ್ದ ಭಾಷೆಗಳು ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಕನ್ನಡ ಇರಲಿಲ್ಲ. ನಾಲ್ಕು ಕೋಟಿಗೂ ಹೆಚ್ಚು ಜನರ ಮಾತೃಭಾಷೆಗೆ ಐಟಿ ರಾಜಧಾನಿ ಬೆಂಗಳೂರು ಇಟ್ಟುಕೊಂಡೂ ಈ ಗತಿ ಎಂದು ಬೇಸರಪಟ್ಟುಕೊಂಡಿದ್ದೆ.

ಪಂಚಾಯಿತಿ ಚುನಾವಣೆಯಲ್ಲಿ ಯಾವ ಸತ್ಯಶೋಧಕರೂ ಬರುವುದಿಲ್ಲ. ದೊಡ್ಡ ನಾಯಕರ ಬಗ್ಗೆ ಸುಳ್ಳು ಹರಡಿದರೆ ಸಂಜೆಯೊಳಗೆ ಟಿವಿಯಲ್ಲಿ ಸ್ಪಷ್ಟನೆ ಬರುತ್ತದೆ. ನಿಮ್ಮ ವಾರ್ಡಿನಲ್ಲಿ ನಿಂತ ಹೆಣ್ಣುಮಗಳ ಮುಖ ಅಂಟಿಸಿ ಹೊಲಸು ಚಿತ್ರ ಮಾಡಿದರೆ ಅವಳ ಪರ ಮಾತಾಡುವವರು ಯಾರು? ಒಂದು ಡಾಲರಿನ ಜಾದೂ ಅಲ್ಲಿಗೂ ಬರುತ್ತದೆ. ಅಂಥದ್ದು ಬಂದರೆ ನೋಡಿ ಸುಮ್ಮನಾಗಬೇಡಿ, ಅವಳಿಗೋ ಮನೆಯವರಿಗೋ ತಿಳಿಸಿ, ಪೊಲೀಸರಿಗೆ ದೂರು ಕೊಡಲು ಜತೆಗೆ ಹೋಗಿ. ಆಡಿಯೊ ಆಗಿದ್ದರೆ ಅಭ್ಯರ್ಥಿಯನ್ನೇ ಕೇಳಿಬಿಡಿ, ಮನೆ ಮೂರು ಓಣಿ ಆಚೆ ಇರುತ್ತದೆ.

ದೊಡ್ಡಪ್ಪನಿಗೆ ಏನು ಹೇಳಿದೆ

ಗ್ರೂಪಿನಲ್ಲಿ ಎಲ್ಲರ ಮುಂದೆ ‘ಇದು ಸುಳ್ಳು’ ಎಂದಿದ್ದರೆ ಅವರಿಗೆ ಅವಮಾನವಾಗುತ್ತಿತ್ತು, ಇನ್ನೊಮ್ಮೆ ಕೇಳುತ್ತಿರಲಿಲ್ಲ. ಫೋನ್ ಮಾಡಿದೆ. ಮೂಲ ಭಾಷಣದ ಲಿಂಕ್ ಅವರಿಗಷ್ಟೇ ಕಳಿಸಿ, ‘ನೀವೇ ಒಮ್ಮೆ ಕೇಳಿ ನೋಡ್ರಿ’ ಎಂದೆ. ಅರ್ಧ ಗಂಟೆ ಬಿಟ್ಟು ಅವರೇ ಗ್ರೂಪಿನಲ್ಲಿ ಬರೆದರು: ‘ಇದು ಕತ್ತರಿಸಿ ಜೋಡಿಸಿದ್ದಂತ, ಯಾರೂ ಮುಂದ ಕಳಸಬ್ಯಾಡ್ರಿ.’ ನಾನು ಹೇಳಿದ್ದರೆ ಆ ಮಾತಿಗೆ ಅಷ್ಟು ತೂಕ ಬರುತ್ತಿರಲಿಲ್ಲ. ಅಷ್ಟರಲ್ಲಿ ಇಬ್ಬರು ಬೇರೆ ಗ್ರೂಪುಗಳಿಗೆ ಕಳಿಸಿಯಾಗಿತ್ತು, ಅದು ಬೇರೆ ಮಾತು. ಆ ವಿಡಿಯೊದ ಮೇಲೆ ‘ಅನೇಕ ಬಾರಿ ಫಾರ್ವರ್ಡ್ ಮಾಡಲಾಗಿದೆ’ ಎಂಬ ಜೋಡಿ ಬಾಣದ ಗುರುತು ಇತ್ತು. ಕನಿಷ್ಠ ಐದು ಕೈ ದಾಟಿ ಬಂದದ್ದಕ್ಕೆ ವಾಟ್ಸ್‌ಆ್ಯಪ್ ಹಾಕುವ ಗುರುತದು. ಅದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ.

ಸುಳ್ಳು ಎಂದು ತೋರಿಸುವುದಕ್ಕೆ ಅದೇ ವಿಡಿಯೊವನ್ನು ಮತ್ತೆ ಹಾಕಬೇಡಿ. ಒಂದು ಸ್ಕ್ರೀನ್‌ಶಾಟ್ ತೆಗೆದು, ಅಡ್ಡಲಾಗಿ ದಪ್ಪ ಅಕ್ಷರದಲ್ಲಿ ‘ನಕಲಿ’ ಎಂದು ಬರೆದು, ಅದನ್ನು ಕಳಿಸಿ.

ನೀವು ಯಾವುದಾದರೂ ಗ್ರೂಪಿನ ಅಡ್ಮಿನ್ ಆಗಿದ್ದರೆ, ಬೇರೆಯವರು ಹಾಕಿದ್ದನ್ನೂ ಎಲ್ಲರ ಫೋನಿನಿಂದ ಅಳಿಸುವ ಅಧಿಕಾರ ನಿಮಗಿದೆ. ಬಹಿರಂಗ ಪ್ರಚಾರ ಮುಗಿದ ಸಂಜೆಯಿಂದ ಮತದಾನ ಮುಗಿಯುವವರೆಗೆ ಗ್ರೂಪ್ ಸೆಟ್ಟಿಂಗ್‌ನಲ್ಲಿ ‘ಅಡ್ಮಿನ್‌ಗಳು ಮಾತ್ರ’ ಮೆಸೇಜ್ ಹಾಕುವಂತೆ ಮಾಡಿಬಿಡಿ. ಗುಡ್ ಮಾರ್ನಿಂಗ್ ಚಿತ್ರ ಎರಡು ದಿನ ಬರದಿದ್ದರೆ ಯಾರಿಗೂ ನಷ್ಟವಿಲ್ಲ.